ಬಲ ಬರುವ ಮಾತು



ಬಾನುಲಿಯಲ್ಲಿ ಮಾತಾಡುವವನು ಕೈ ಬೆರಳು ತೋರಿಸಿ ಏನನ್ನೂ ಹೇಳುವ ಹಾಗಿಲ್ಲ. ಇವತ್ತು ನಾನು ಆರಿಸಿಕೊಂಡ ವಿಷಯವಂತೂ ಬೆರಳಿಲ್ಲದೆ ಹೇಳುವುದಕ್ಕೆ ಬಹಳ ಕಷ್ಟವಾದದ್ದು. ಸುತ್ತುವ ವಸ್ತು ಯಾವ ಕಡೆಗೆ ಸುತ್ತುತ್ತದೆ ಎಂಬುದನ್ನು ಬರಿಯ ಮಾತಿನಲ್ಲಿ ಹೇಳುವುದು ಹೇಗೆ? ಇದೇ ನನ್ನ ವಿಷಯ.

ನಿಮ್ಮ ಮನೆಯ ಅಂಗಳದ ಬಾವಿಯನ್ನು ನೆನೆದುಕೊಳ್ಳಿ. ಬಾವಿಕಟ್ಟೆಯ ಸುತ್ತ ಮಗುವೊಂದು ಓಡುತ್ತಿದೆ. ಮೇಲಿನಿಂದ ಕೆಳಗೆ ಬಗ್ಗಿ ನೋಡುವವರು, ಮಗು ಗಡಿಯಾರದ ಮುಳ್ಳಿನ ಹಾಗೆ ಓಡುತ್ತಿದೆ ಎನ್ನುತ್ತಾರೆ. ಅದೇ ಹೊತ್ತಿಗೆ ಬಾವಿಯ ಕೆಸರು ತೆಗೆಯಲು ಇಳಿದವರೊಬ್ಬರು ತಳದಿಂದ ತಲೆಯೆತ್ತಿ ನೋಡಿದರೆ ಅವರಿಗೆ ಕಾಣುವುದು ಗಡಿಯಾರಕ್ಕೆ ಎದುರಾದ ಓಟ. ಮಗು ಒಂದೇ, ಓಟ ಒಂದೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಮಾತು ಎರಡಾಯಿತು.

ಇದು ಬರೀ ತರ್ಕದ ಆಟವೆಂದು ನಾನೂ ತಿಳಿದುಕೊಂಡಿದ್ದೆ. ಒಂದು ಏಪ್ರಿಲ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ, ಫಲ್ಗುಣಿ ಹೊಳೆಯ ಬದಿಯಲ್ಲಿರುವ ನನ್ನ ಭಾವನ ಅಡಿಕೆ ತೋಟಕ್ಕೆ ಹೋಗಿದ್ದಾಗ ಆ ಭಾವನೆ ಬದಲಾಯಿತು. ಹಿಂದಿನ ರಾತ್ರಿಯ ಗುಡುಗುಮಳೆಗೆ ಮರ ಬಿದ್ದು ತಂತಿ ಕಡಿದಿತ್ತು. ಮರುದಿನ ಜೋಡಿಸಿದರು, ಕರೆಂಟು ಬಂತು, ಪಂಪು ಚಾಲೂ ಆಯಿತು. ಮೋಟಾರು ಸದ್ದು ಮಾಡುತ್ತದೆ, ತೋಟದ ತುದಿಯ ಪೈಪಿನಲ್ಲಿ ಮಾತ್ರ ನೀರಿಗೆ ಬಲವೇ ಇಲ್ಲ. ಭಾವ ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. ಆ ಸಂಭಾಷಣೆ ನನಗೆ ಈಗಲೂ ಬಾಯಿಪಾಠ.

“ಅಣ್ಣಾ, ಮೋಟಾರು ಉಲ್ಟಾ ತಿರುಗ್ತಾ ಉಂಟಾ ಅಂತ ಸಂಶಯ.”

“ಯಾವ ಕಡೆಗೆ ತಿರುಗ್ತಾ ಉಂಟು?”

“ಗಡಿಯಾರದ ಹಾಗೆ.”

“ಎಲ್ಲಿ ನಿಂತು ನೋಡಿದ್ದು ಮಾರಾಯ್ರೆ? ಮೋಟಾರಿನ ಫ್ಯಾನಿನ ಕಡೆಯಿಂದಲಾ, ಪಂಪಿನ ಬಾಯಿಯ ಕಡೆಯಿಂದಲಾ?”

ಭಾವ ಒಂದು ಕ್ಷಣ ಸುಮ್ಮನಾದರು. ಆ ಕಡೆಯಿಂದ ಮತ್ತೆ ಮಾತು ಬಂತು: “ಅದೆಲ್ಲ ಬಿಡಿ. ಪಂಪಿನ ಮೈಮೇಲೆ ಎರಕದಲ್ಲೇ ಒಂದು ಬಾಣ ಉಂಟಲ್ಲ, ಅದನ್ನು ನೋಡಿ. ತಿರುಗುವುದು ಬಾಣದ ಕಡೆಗೋ, ಬಾಣಕ್ಕೆ ಎದುರೋ?” ಎದುರೇ ಆಗಿತ್ತು. ತ್ರೀ ಫೇಸ್ ಮೋಟಾರಿಗೆ ಬರುವ ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಸಾಕು, ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಪಂಪಿನೊಳಗಿನ ಚಕ್ರದ ಎಲೆಗಳು ಒಂದೇ ಕಡೆಗೆ ಬಾಗಿರುವುದರಿಂದ ಹಿಮ್ಮುಖವಾದಾಗ ನೀರನ್ನು ಸರಿಯಾಗಿ ದೂಡುವುದಿಲ್ಲ. ಸಂಜೆ ಮೆಕ್ಯಾನಿಕ್ ಬಂದು, ಮೇನ್ ಆಫ್ ಮಾಡಿ, ಎರಡು ತಂತಿ ಬದಲಿಸಿದರು. ನೀರು ತುದಿಯ ಸಾಲಿನವರೆಗೆ ಹೋಯಿತು.

ಆ ಮೆಕ್ಯಾನಿಕ್ ಕೇಳಿದ ‘ಎಲ್ಲಿ ನಿಂತು ನೋಡಿದ್ದು’ ಎಂಬ ಪ್ರಶ್ನೆ ಇದೆಯಲ್ಲ, ಅದನ್ನೇ ಒಂದು ಭಾಷೆಯ ವ್ಯಾಕರಣದೊಳಗೆ ಕೂರಿಸಲು ಹೊರಟವರು ಜಗತ್ತಿನಲ್ಲಿದ್ದಾರೆ. ಲೋಜ್‌ಬಾನ್ ಎಂಬ ಹೆಸರಿನ ಕಟ್ಟಿದ ಭಾಷೆಯೊಂದಿದೆ. ಯಾರ ತಾಯಿನುಡಿಯೂ ಅಲ್ಲದ, ತರ್ಕಕ್ಕೆ ಒಪ್ಪುವ ಹಾಗೆ ಕುಳಿತು ರಚಿಸಿದ ಭಾಷೆ. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ ಎಂಬುವರು 1955ರಲ್ಲಿ ಲೋಗ್ಲಾನ್ ಎಂಬ ಭಾಷೆಯ ಕೆಲಸ ಶುರುಮಾಡಿದರು. ಅದರ ಕವಲಾಗಿ 1987ರಲ್ಲಿ ಲೋಜ್‌ಬಾನ್ ಹುಟ್ಟಿತು. ಜಾನ್ ಕೋವನ್ ಬರೆದ ಅದರ ವ್ಯಾಕರಣ ಗ್ರಂಥ 1997ರಲ್ಲಿ ಅಚ್ಚಾಯಿತು. ಅದರ ಮೂಲಪದಗಳನ್ನು ಚೀನೀ, ಹಿಂದಿ, ಇಂಗ್ಲಿಷ್, ರಷ್ಯನ್, ಸ್ಪ್ಯಾನಿಷ್, ಅರಬ್ಬಿ ಎಂಬ ಆರು ಭಾಷೆಗಳ ಧ್ವನಿಗಳನ್ನು ಬೆರೆಸಿ ಮಾಡಿದ್ದಾರೆ.

ಆ ಭಾಷೆಯಲ್ಲಿ ಒಂದೊಂದು ಕ್ರಿಯೆಗೂ ಇಂತಿಷ್ಟು ಮಣೆ ಹಾಕಿಟ್ಟಿರುತ್ತಾರೆ. ‘ಬಲಕ್ಕಿರು’ ಎಂಬ ಅರ್ಥದ ‘ಪ್ರಿತು’ ಎಂಬ ಪದಕ್ಕೆ ಮೂರು ಮಣೆ: ಬಲಕ್ಕಿರುವುದು ಯಾವುದು, ಯಾವುದರ ಬಲಕ್ಕೆ, ಅದು ಎತ್ತ ಮುಖ ಮಾಡಿದೆ. ‘ತಿರುಗು’ ಎಂಬ ಅರ್ಥದ ‘ಶರ್ನ’ಕ್ಕೆ ನಾಲ್ಕು ಮಣೆ: ತಿರುಗುವುದು ಯಾವುದು, ಯಾವ ಅಕ್ಷದ ಮೇಲೆ, ಯಾವ ದಿಕ್ಕಿಗೆ, ಎಷ್ಟು ತಿರುಗಿ ಎತ್ತ ಮುಖವಾಗುತ್ತದೆ. ಮಣೆ ಖಾಲಿ ಬಿಡಬಹುದು. ಆದರೆ ಅಲ್ಲೊಂದು ಮಣೆ ಇದೆ, ಅದು ಖಾಲಿ ಇದೆ ಎಂಬುದು ಮಾತಾಡುವವನಿಗೂ ಕೇಳುವವನಿಗೂ ಗೊತ್ತಿರುತ್ತದೆ. ಭಾವ ‘ಗಡಿಯಾರದ ಹಾಗೆ’ ಎಂದಾಗ ಖಾಲಿ ಬಿಟ್ಟ ಮಣೆಯನ್ನು ಮೆಕ್ಯಾನಿಕ್ ಗುರುತಿಸಿದ್ದು ಹೀಗೆಯೇ.

ಅಷ್ಟು ಮಣೆ ಹಾಕಿದರೂ ತೊಡಕು ಪೂರ್ತಿ ಬಿಡುವುದಿಲ್ಲ. ನಿಮ್ಮೆದುರು ನಿಂತ ಚಕ್ರವೊಂದು ತಿರುಗುತ್ತಿದ್ದರೆ, ಅದರ ಮೇಲಂಚು ಬಲಕ್ಕೆ ಸರಿಯುವಾಗ ಕೆಳಂಚು ಎಡಕ್ಕೆ ಸರಿಯುತ್ತಿರುತ್ತದೆ. ‘ಬಲಕ್ಕೆ ತಿರುಗುತ್ತದೆ’ ಎಂದರೆ ಚಕ್ರದ ಯಾವ ಭಾಗದ ಮಾತು? ಇದಕ್ಕೆ ಭೌತಶಾಸ್ತ್ರದವರು ಕಂಡುಕೊಂಡ ಉಪಾಯ, ಅಕ್ಷವನ್ನೇ ಬಾಣವೆಂದು ತಿಳಿಯುವುದು. ಬಲಗೈಯ ಹೆಬ್ಬೆರಳನ್ನು ಆ ಬಾಣದ ಗುಂಟ ಚಾಚಿ ಮುಷ್ಟಿ ಹಿಡಿದರೆ ಉಳಿದ ನಾಲ್ಕು ಬೆರಳು ಮಡಚುವ ಕಡೆಯೇ ತಿರುಗುವ ಕಡೆ. ಭೂಮಿಯ ತಿರುಗಾಟ ಹೇಳಬೇಕೇ? ಹೆಬ್ಬೆರಳು ಉತ್ತರ ಧ್ರುವಕ್ಕೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಬಲಗೈಯೊಂದಿದ್ದರೆ ಸಾಕು.

ಈಗ ನಮ್ಮ ನುಡಿಗೆ ಬರುತ್ತೇನೆ. ಈ ಬಲಗೈಯ ಉಪಾಯ ನಮ್ಮ ಹಿರಿಯರ ಮಾತಿನಲ್ಲಿ ಬಹಳ ಹಿಂದೆಯೇ ಬಂದು ಕೂತಿದೆ. ದೇವರಿಗೆ ‘ಬಲ ಬರುವುದು’ ಎನ್ನುತ್ತೇವೆ. ಹಳಗನ್ನಡದಲ್ಲಿ ‘ಬಲಗೊಂಡು’, ‘ಬಲವಂದು’ ಎಂಬ ರೂಪಗಳಿವೆ. ತುಳುವಿನಲ್ಲಿ ‘ಬಲಿ ಬರ್ಪುನಿ’. ಸಂಸ್ಕೃತದ ‘ಪ್ರದಕ್ಷಿಣೆ’ಯ ಒಳಗೂ ದಕ್ಷಿಣ, ಅಂದರೆ ಬಲಗೈ ಇದೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದರೂ, ಬಂಟ್ವಾಳ ತಾಲೂಕಿನ ಪೊಳಲಿಯ ರಾಜರಾಜೇಶ್ವರಿಯ ಸನ್ನಿಧಿಗೆ ಹೋದರೂ, ಸುತ್ತು ಬರುವ ಕ್ರಮ ಒಂದೇ: ಗರ್ಭಗುಡಿ ನಿಮ್ಮ ಬಲಬದಿಗೆ ಇರಬೇಕು, ನೀವು ಮುಂದಕ್ಕೆ ನಡೆಯಬೇಕು.

ಈ ಮಾತಿನ ಚೆಲುವು ನೋಡಿ. ನಡುವೆ ಇರುವುದು ಯಾವುದು ಎಂಬುದು ಅದರಲ್ಲಿದೆ, ದೇವರು. ಯಾರ ಬಲ ಎಂಬುದಿದೆ, ನಡೆಯುವವನದು. ಅವನ ಮುಖ ಎತ್ತ ಎಂಬುದಿದೆ, ನಡೆಯುವ ಕಡೆಗೆ. ಲೋಜ್‌ಬಾನಿನ ಮೂರು ಮಣೆಗಳೂ ‘ಬಲ ಬರು’ ಎಂಬ ಎರಡು ಪದದ ಮಾತಿನಲ್ಲೇ ತುಂಬಿವೆ. ಗೋಪುರದ ತುದಿಯಿಂದ ನೋಡಿದರೂ, ಬಾವಿಯ ತಳದಿಂದ ನೋಡಿದರೂ, ನಡೆಯುವವನ ಬಲಗೈ ನಡುವಿನ ಕಡೆಗೇ ಇರುತ್ತದೆ. ನೋಡುವವರ ಲೆಕ್ಕ ಇಲ್ಲಿಲ್ಲ. ನಡೆಯುವವನ ಮೈಯೇ ಅಳತೆಗೋಲು.

ಬಲಮುರಿ ಗಣಪತಿ ಎನ್ನುವಾಗಲೂ ಹೀಗೆಯೇ. ಸೊಂಡಿಲು ತಿರುಗಿರುವುದು ದೇವರ ಬಲಕ್ಕೆ. ಎದುರು ನಿಂತ ನಮಗೆ ಅದು ಎಡ. ಹೆಸರಿಡುವಾಗ ನಮ್ಮ ಬಲವನ್ನು ಬದಿಗಿಟ್ಟು ದೇವರ ಬಲವನ್ನು ಹಿಡಿದರು. ಯಕ್ಷಗಾನದ ತೆಂಕುತಿಟ್ಟಿನ ನಾಟ್ಯ ಕಲಿಸುವ ಗುರುಗಳು ಶಿಷ್ಯರಿಗೆ ಬೆನ್ನು ಹಾಕಿ ನಿಂತು ಹೆಜ್ಜೆ ತೋರಿಸುವುದರ ಕಾರಣವೂ ಇದೇ. ಎದುರಾಬದುರಾಗಿ ನಿಂತರೆ ಗುರುಗಳ ಬಲ ಶಿಷ್ಯನಿಗೆ ಎಡವಾಗಿ ಗಿರಕಿ ತಿರುವುಮುರುವಾಗುತ್ತದೆ.

ಎಲ್ಲ ಮಾತೂ ಇಷ್ಟು ಸ್ವಚ್ಛವಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ‘ಸವ್ಯ’ ಎಂದರೆ ಸಂಸ್ಕೃತದಲ್ಲಿ ಎಡ. ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನ ಸವ್ಯಸಾಚಿ. ಜನಿವಾರ ಎಡ ಹೆಗಲ ಮೇಲಿದ್ದರೆ ಸವ್ಯ, ಪಿತೃಕಾರ್ಯದಲ್ಲಿ ಬಲ ಹೆಗಲಿಗೆ ಬಂದರೆ ಅಪಸವ್ಯ. ಆದರೆ ನಿತ್ಯದ ರೂಢಿ ಸವ್ಯವಾದ್ದರಿಂದ, ಸವ್ಯವೆಂದರೆ ‘ಸರಿಯಾದದ್ದು’, ಅಪಸವ್ಯವೆಂದರೆ ‘ತಲೆಕೆಳಗಾದದ್ದು’ ಎಂಬ ಭಾವ ಬೆಳೆಯಿತು. ಇವತ್ತು ಪತ್ರಿಕೆಯಲ್ಲಿ ‘ಕಾಮಗಾರಿಯಲ್ಲಿ ಅಪಸವ್ಯ’ ಎಂದು ಓದುವಾಗ ಹೆಗಲೂ ಇಲ್ಲ, ಎಡಬಲವೂ ಇಲ್ಲ. ದಿಕ್ಕಿನ ಮಾತು ದಿಕ್ಕನ್ನೇ ಕಳೆದುಕೊಂಡಿದೆ.

ಎಡಬಲದ ಹಂಗಿಲ್ಲದೆ ಸುತ್ತು ಹೇಳುವ ಇನ್ನೊಂದು ದಾರಿ ನಮ್ಮ ತುಳುನಾಡಿನಲ್ಲಿದೆ. ಅದು ದಿಕ್ಕುಗಳ ದಾರಿ. ಪೂರ್ವಕ್ಕೆ ಮೂಡಾಯಿ, ದಕ್ಷಿಣಕ್ಕೆ ತೆಂಕಾಯಿ, ಪಶ್ಚಿಮಕ್ಕೆ ಪಡ್ಡಾಯಿ, ಉತ್ತರಕ್ಕೆ ಬಡಕಾಯಿ ಎಂಬ ಮಾತು ನಮ್ಮ ಮನೆಮನೆಗಳಲ್ಲಿದೆ. ನಮ್ಮ ಊರುಗಳ ಹೆಸರಿನಲ್ಲೂ ಅದಿದೆ. ಮೂಡು ಬದಿಗೆ ಮೂಡುಬಿದಿರೆ, ಪಡುಗಡಲ ಬದಿಗೆ ಪಡುಬಿದ್ರಿ. ದೇವಸ್ಥಾನದ ಅಂಗಳದಲ್ಲಿ ಸುತ್ತಲೂ ಇರುವ ಬಲಿಕಲ್ಲುಗಳ ಕ್ರಮ ನೆನಪಿಸಿಕೊಳ್ಳಿ: ಇಂದ್ರ, ಅಗ್ನಿ, ಯಮ, ನಿರ್ಋತಿ, ವರುಣ, ವಾಯು, ಕುಬೇರ, ಈಶಾನ. ಮೂಡಿನಿಂದ ಹೊರಟು ತೆಂಕು, ಪಡು, ಬಡಗು ದಾಟಿ ಮತ್ತೆ ಮೂಡಿಗೆ. ದಿಕ್ಪಾಲಕರ ಹೆಸರನ್ನು ಸಾಲಾಗಿ ಹೇಳಿದರೆ ಸಾಕು, ಪ್ರದಕ್ಷಿಣೆಯ ದಾರಿ ತಾನಾಗಿ ಹೇಳಿದಂತಾಯಿತು. ‘ಎಡ’, ‘ಬಲ’ ಎಂಬ ಪದವೇ ಬೇಕಾಗಲಿಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಗೂಗು ಯಿಮಿಥಿರ್ ಎಂಬ ಭಾಷೆಯಲ್ಲಿ ಎದುರಿನ ವಸ್ತು ಎಲ್ಲಿದೆ ಎಂದು ಹೇಳುವುದಕ್ಕೂ ಎಡಬಲ ಬಿಟ್ಟು ಇಂಥ ದಿಕ್ಕುಗಳನ್ನೇ ಬಳಸುತ್ತಾರೆ. ‘ಚೊಂಬು ನಿನ್ನ ಪಡ್ಡಾಯಿ ಬದಿಯಲ್ಲಿ ಉಂಟು’ ಎಂದು ಅಡುಗೆಮನೆಯಲ್ಲಿ ಹೇಳುವ ನಮ್ಮ ಅಜ್ಜಿಯಂದಿರಿಗೆ ಅದು ಹೊಸತೆನಿಸಲಿಕ್ಕಿಲ್ಲ.

ಹಾಗಾದರೆ ಗಡಿಯಾರದ ಮುಳ್ಳಿಗೆ ಆ ದಿಕ್ಕು ಎಲ್ಲಿಂದ ಬಂತು? ನೆರಳಿನಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಯುರೋಪಿನಂಥ ಬಡಗಣ ನಾಡುಗಳಲ್ಲಿ ಸೂರ್ಯ ವರ್ಷವಿಡೀ ತೆಂಕು ಬದಿಯಲ್ಲೇ ಮಧ್ಯಾಹ್ನ ದಾಟುತ್ತಾನೆ. ನೆಟ್ಟ ಕೋಲಿನ ನೆರಳು ಬೆಳಿಗ್ಗೆ ಪಡುವಿಗೆ, ಮಧ್ಯಾಹ್ನ ಬಡಗಿಗೆ, ಸಂಜೆ ಮೂಡಿಗೆ ಹೋಗುತ್ತದೆ. ಅದೇ ಚಲನೆಯನ್ನು ಗಡಿಯಾರದ ಮುಳ್ಳಿಗೆ ಕೊಟ್ಟರು.

ನಮ್ಮ ಸೀಮೆಯಲ್ಲಿ ಒಂದು ವಿಶೇಷ ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಭೂಮಧ್ಯರೇಖೆಯಿಂದ ಬಡಗಿಗೆ ಸುಮಾರು 13 ಡಿಗ್ರಿಯಲ್ಲಿವೆ. ಸೂರ್ಯನಾದರೋ 23 ಡಿಗ್ರಿಗೂ ಮೇಲೆ ಬಡಗಿಗೆ ಹೋಗಿ ಬರುತ್ತಾನೆ. ಆದ್ದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗು ಬದಿಗಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟಗೆ ಊರಿ ನೋಡಿ. ಮಧ್ಯಾಹ್ನ 12.30ರ ಆಸುಪಾಸಿಗೆ ನೆರಳು ಬಡಗಿಗೆ ಸುಮಾರು 74 ಸೆಂಟಿಮೀಟರ್ ಚಾಚಿರುತ್ತದೆ, ಗಡಿಯಾರದ ಮುಳ್ಳಿನ ಹಾಗೆಯೇ ಸರಿಯುತ್ತದೆ. ಅದೇ ಕೋಲನ್ನು ಪತ್ತನಾಜೆಯ ದಿನ, ಅಂದರೆ ಮೇ 24ರ ಹೊತ್ತಿಗೆ ನೋಡಿ. ಉತ್ಸವಗಳು ಮುಗಿದು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ ಅದು. ಆಗ ನೆರಳು ತೆಂಕಿಗೆ ಬಿದ್ದಿರುತ್ತದೆ, ಬರೀ 14 ಸೆಂಟಿಮೀಟರಿನಷ್ಟು. ಮಧ್ಯಾಹ್ನದ ಆಚೀಚೆ ಅದು ಸರಿಯುವುದು ಪಡುವಿನಿಂದ ತೆಂಕಿಗೆ, ತೆಂಕಿನಿಂದ ಮೂಡಿಗೆ. ಗಡಿಯಾರಕ್ಕೆ ನೇರ ಎದುರು!

ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಬಳ್ಳಿಗಳ ಮೇಲೆ ಬರೆದ ಪ್ರಬಂಧದಲ್ಲಿ ಬಳ್ಳಿ ಸುತ್ತುವ ಕಡೆಯನ್ನು ‘ಸೂರ್ಯನ ಜೊತೆಗೆ’, ‘ಸೂರ್ಯನಿಗೆ ಎದುರಾಗಿ’ ಎಂದು ಬರೆದುಕೊಂಡರು. ಇಂಗ್ಲೆಂಡಿನ ಅಂಗಳದಲ್ಲಿ ಆ ಮಾತು ವರ್ಷವಿಡೀ ನಿಲ್ಲುತ್ತದೆ. ನಮ್ಮ ಅಂಗಳದಲ್ಲಿ ವರ್ಷಕ್ಕೆ ಮೂರು ಮುಕ್ಕಾಲು ತಿಂಗಳು ನಿಲ್ಲುವುದಿಲ್ಲ. ‘ಬಲ ಬರು’ ಎಂಬ ಮಾತಾದರೋ ಪತ್ತನಾಜೆಗೂ ಸರಿ, ಚಳಿಗಾಲದ ಷಷ್ಠಿಗೂ ಸರಿ.

ಬಳ್ಳಿಯ ಮಾತು ಬಂತು. ಇದುವರೆಗೆ ಹೇಳಿದ್ದು ಒಂದೇ ಜಾಗದಲ್ಲಿ ಸುತ್ತುವ ವಸ್ತುಗಳ ಕತೆ. ಸುತ್ತುತ್ತಲೇ ಮುಂದಕ್ಕೂ ಸಾಗುವ ವಸ್ತುಗಳಿವೆ: ಹಗ್ಗದ ಹುರಿ, ಸ್ಕ್ರೂ, ಶಂಖ, ಬಳ್ಳಿ. ಇವುಗಳದ್ದು ಬೇರೆಯೇ ಗುಣ. ಬೈಹುಲ್ಲಿನ ಹಗ್ಗವೊಂದನ್ನು ಕೈಗೆ ತಗೊಂಡು ಎಳೆಗಳ ಓರೆಯನ್ನು ನೋಡಿ. ಹಗ್ಗವನ್ನು ತಲೆಕೆಳಗು ಮಾಡಿ ಮತ್ತೆ ನೋಡಿ. ಓರೆ ಬದಲಾಗುವುದಿಲ್ಲ. ಅಕ್ಕಿ ಮುಡಿ ಕಟ್ಟುವವರು ಹಗ್ಗದ ಯಾವ ತುದಿ ಹಿಡಿದರೂ ಹೊಸೆತ ಅದೇ. ಚಕ್ರಕ್ಕೆ ನೋಡುವವನ ಜಾಗ ಮುಖ್ಯ, ಹುರಿಗೆ ಅದರ ಗೊಡವೆಯಿಲ್ಲ. ನಮ್ಮ ನುಡಿ ಈ ವ್ಯತ್ಯಾಸವನ್ನೂ ಗುರುತಿಸಿ, ಹುರಿಗೊಂಡದ್ದಕ್ಕೆ ‘ಮುರಿ’ ಎಂಬ ಬೇರೆ ಪದ ಇಟ್ಟಿದೆ: ಬಲಮುರಿ, ಎಡಮುರಿ. ನಮ್ಮ ಗುಡ್ಡಗಳಲ್ಲಿ ಹಗ್ಗದ ಹಾಗೆ ತಿರುಚಿದ ಕಾಯಿ ಬಿಡುವ ಗಿಡಕ್ಕೆ ಎಡಮುರಿ ಎಂದೇ ಹೆಸರು. ಕಾಸರಗೋಡಿನಾಚೆಯ ಮಲಯಾಳಿಗರು ಅದನ್ನೇ ಇಡಂಪಿರಿ ವಲಂಪಿರಿ ಎಂದು ಎರಡೂ ಸೇರಿಸಿ ಕರೆಯುತ್ತಾರೆ. ಸ್ಕ್ರೂವಿಗೂ ಇದೇ ಭೇದ ಉಂಟು: ಸೈಕಲ್ ರಿಪೇರಿಯವರನ್ನು ಕೇಳಿ, ಎಡ ಪೆಡಲಿಗೆ ಲೆಫ್ಟ್ ಥ್ರೆಡ್ ಎಂದು ಹೇಳುತ್ತಾರೆ. ತುಳಿದಂತೆ ತುಳಿದಂತೆ ಅದು ಕಳಚದಿರಲಿ ಎಂದು ಹಾಗೆ ಮಾಡಿದ್ದು.

ನಮ್ಮ ತೋಟಗಳಲ್ಲಿ ತೂಣಗೆಣಸು ಬೆಳೆಸುವವರು ಇನ್ನೂ ಇದ್ದಾರೆ. ಅದರ ಪಕ್ಕದಲ್ಲೇ, ಬಳ್ಳಿಗೆ ಮುಳ್ಳಿದ್ದು ಬುಡದಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ಗೆಡ್ಡೆ ಬಿಡುವ ಗೆಣಸೂ ಇರುತ್ತದೆ. ಈ ಎರಡರ ಬಳ್ಳಿ ಊರುಗೋಲನ್ನು ಸುತ್ತುವುದನ್ನು ನೋಡಿ. ಒಂದು ಸುತ್ತಿದ ಕಡೆಗೆ ಇನ್ನೊಂದು ಸುತ್ತುವುದಿಲ್ಲ, ಎಂದೆಂದಿಗೂ ಎದುರುಬದುರು. ಸಸ್ಯಶಾಸ್ತ್ರಜ್ಞರು ಗೆಣಸಿನ ಜಾತಿ ಗುರುತಿಸಲು ಇದನ್ನೇ ಹಿಡಿಯುತ್ತಾರೆ. ಆದರೆ ಯಾವುದನ್ನು ‘ಬಲಸುತ್ತು’ ಎನ್ನಬೇಕು ಎಂಬಲ್ಲಿ ಅವರಲ್ಲೇ ಎರಡು ಪಂಗಡವಾಯಿತು. ಬಳ್ಳಿಯ ಸುತ್ತಿನೊಳಗೆ ನಿಂತಿದ್ದೇನೆಂದು ಭಾವಿಸಿ ಹೇಳಿದವರು ಕೆಲವರು, ಹೊರಗೆ ನಿಂತು ಹೇಳಿದವರು ಕೆಲವರು.

ಶಂಖದ ಕತೆ ಇನ್ನೂ ಸ್ವಾರಸ್ಯ. ದೇವರ ಕೋಣೆಯಲ್ಲಿ ಅತಿ ಅಪರೂಪಕ್ಕೆ ಕಾಣುವ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ‘ಎಡದ್ದು’ ಎಂದು ಕರೆಯುತ್ತಾರೆ! ಅವರು ಶಂಖದ ಸುರುಳಿಯ ಮೊನೆಯನ್ನು ಮೇಲೆ ಮಾಡಿ ಹಿಡಿದು ಬಾಯಿ ಯಾವ ಬದಿಗಿದೆ ಎಂದು ನೋಡುತ್ತಾರೆ. ನಮ್ಮವರು ಆ ಮೊನೆಯನ್ನು ಕೆಳಗೆ ಮಾಡಿ ಹಿಡಿಯುತ್ತಾರೆ. ಶಂಖ ಬದಲಾಗಲಿಲ್ಲ, ಹಿಡಿಯುವ ಕ್ರಮ ಬೇರೆಯಾಯಿತು, ಹೆಸರು ತಿರುವುಮುರುವಾಯಿತು. ಹೀಗಾಗಿ ಕ್ರಮವನ್ನು ಹೇಳದೆ ಹೆಸರನ್ನು ಮಾತ್ರ ದಾಟಿಸಿದರೆ ಅದು ಅರ್ಧ ಮಾತು.

ಕೇಳುಗರೇ, ಬಾನುಲಿಗೂ ಎಡಬಲಕ್ಕೂ ಒಂದು ದೊಡ್ಡ ನಂಟಿದೆ. ಫ್ರಾಂಕ್ ಡ್ರೇಕ್ ಎಂಬ ವಿಜ್ಞಾನಿ 1960ರಲ್ಲಿ ಓಜ್ಮಾ ಎಂಬ ಯೋಜನೆಯಲ್ಲಿ, ದೂರದ ನಕ್ಷತ್ರಗಳ ಕಡೆಯಿಂದ ಯಾರದಾದರೂ ರೇಡಿಯೋ ಸಂದೇಶ ಬರುತ್ತದೆಯೇ ಎಂದು ಕಿವಿಗೊಟ್ಟರು. ಮಾರ್ಟಿನ್ ಗಾರ್ಡ್ನರ್ 1964ರ ತಮ್ಮ ಪುಸ್ತಕದಲ್ಲಿ ಅದಕ್ಕೊಂದು ಪ್ರಶ್ನೆ ಜೋಡಿಸಿದರು. ಅಂಥ ದೂರದವರ ಜೊತೆ ರೇಡಿಯೋದಲ್ಲಿ ಮಾತು ಶುರುವಾಯಿತೆನ್ನಿ. ನಮಗೂ ಅವರಿಗೂ ಒಟ್ಟಿಗೆ ಕಾಣುವ ವಸ್ತು ಒಂದೂ ಇಲ್ಲ. ‘ಬಲ’ ಎಂದರೆ ಯಾವುದು ಎಂದು ಅವರಿಗೆ ತಿಳಿಸುವುದು ಹೇಗೆ? ಎಷ್ಟು ಮಾತಾಡಿದರೂ ಆಗುವುದಿಲ್ಲ. ಚೀನಾ ಮೂಲದ ಚಿಯೆನ್ ಶಿಯುಂಗ್ ವೂ ಎಂಬ ವಿಜ್ಞಾನಿ 1956ರ ಕೊನೆಯಲ್ಲಿ ಮಾಡಿದ ಪ್ರಯೋಗದಿಂದ ಮಾತ್ರ ಇದಕ್ಕೊಂದು ದಾರಿ ಸಿಕ್ಕಿತು. ಬಹಳ ತಂಪು ಮಾಡಿದ ಕೋಬಾಲ್ಟ್ ಪರಮಾಣುಗಳು ತಮ್ಮ ತಿರುಗಾಟದ ಅಕ್ಷದ ಒಂದು ತುದಿಯ ಕಡೆಗೆ ಹೆಚ್ಚು ಇಲೆಕ್ಟ್ರಾನುಗಳನ್ನು ಉಗುಳುತ್ತವೆ ಎಂದು ಆಕೆ ತೋರಿಸಿಕೊಟ್ಟರು. ಸೃಷ್ಟಿಯೇ ಎಡಬಲದ ಭೇದ ಮಾಡುತ್ತದೆ ಎಂದಾಯಿತು. ಆ ವಿಚಾರವನ್ನು ಮೊದಲು ಮುಂದಿಟ್ಟ ಲೀ ಮತ್ತು ಯಾಂಗ್ ಅವರಿಗೆ 1957ರಲ್ಲಿ ನೊಬೆಲ್ ಬಂತು. ‘ಬಲ’ ಎಂಬ ಒಂದು ಸಣ್ಣ ಪದವನ್ನು ಏನೂ ಹಂಚಿಕೊಳ್ಳದವರಿಗೆ ದಾಟಿಸಲು ಅಷ್ಟು ದೊಡ್ಡ ಪ್ರಯೋಗ ಬೇಕು.

ನಮಗೆ ಅದರ ಅಗತ್ಯ ಬೀಳಲಿಲ್ಲ. ನಾನು ‘ಬಲಗೈ’ ಎಂದಾಗ ನಿಮಗೆ ತಿಳಿಯುವುದು, ಊಟ ಮಾಡುವ ಕೈ ಇದು ಎಂದು ಚಿಕ್ಕಂದಿನಲ್ಲಿ ಯಾರೋ ನಿಮ್ಮ ಕೈ ಹಿಡಿದು ತೋರಿಸಿದ್ದರಿಂದ. ಅವರಿಗೂ ಯಾರೋ ತೋರಿಸಿದ್ದರು. ಎಡಬಲ ಪುಸ್ತಕದಿಂದ ಬಂದದ್ದಲ್ಲ, ಕೈಯಿಂದ ಕೈಗೆ ಬಂದದ್ದು.

ಅದಕ್ಕೇ ನನಗೊಂದು ಕಳವಳ. ಈಗಿನ ಮಕ್ಕಳು ಗಂಟೆ ನೋಡುವುದು ಮೊಬೈಲಿನ ಅಂಕಿಯಲ್ಲಿ. ಮುಳ್ಳಿನ ಗಡಿಯಾರ ಓದಲು ಬಾರದ ಮಗುವಿಗೆ ‘ಕ್ಲಾಕ್‌ವೈಸ್’ ಎಂಬುದು ಬರೀ ಬಾಯಿಪಾಠದ ಪದ. ‘ಬಲ ಬರುವುದು’ ಎಂಬ ಮಾತನ್ನು ದೇವಸ್ಥಾನದ ಅಂಗಳದಲ್ಲೇ ಬಿಟ್ಟು ಬಂದಿದ್ದೇವೆ. ಅದನ್ನು ಶಾಲೆಯ ಅಂಗಳಕ್ಕೂ ತೋಟಕ್ಕೂ ವರ್ಕ್‌ಶಾಪಿಗೂ ತರಬಾರದೇಕೆ? ಸುತ್ತಿನ ಮಾತು ಬಂದಾಗ ಮೂರು ಸಂಗತಿ ಕೇಳುವ ಅಭ್ಯಾಸ ಮಕ್ಕಳಿಗೆ ಆಗಲಿ: ನಡುವೆ ಏನಿದೆ? ಯಾರ ಬಲ? ಮುಖ ಎತ್ತ? ಲೋಜ್‌ಬಾನ್ ಕಲಿಯದೆಯೂ ಮಣೆ ಖಾಲಿ ಬಿಡದೆ ಮಾತಾಡಲು ಬರುತ್ತದೆ.

ಈ ಮಾತು ಮುಗಿದ ಮೇಲೆ ಮನೆಯ ಮಗುವಿನ ಜೊತೆ ಅಂಗಳಕ್ಕೆ ಇಳಿಯಿರಿ. ಬಾವಿಯೋ ತುಳಸಿಕಟ್ಟೆಯೋ ಇದ್ದರೆ ಅದನ್ನು ಬಲಕ್ಕೆ ಇಟ್ಟುಕೊಂಡು ಒಂದು ಸುತ್ತು ಬನ್ನಿ. ನೀವು ಬಂಟ್ವಾಳದಲ್ಲಿರಿ, ಮೂಡುಬಿದಿರೆಯಲ್ಲಿರಿ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿರಿ, ನಿಮ್ಮ ಮುಖವನ್ನು ನಾನು ಕಂಡಿಲ್ಲ, ನನ್ನ ಬೆರಳನ್ನು ನೀವು ಕಂಡಿಲ್ಲ. ಆದರೂ ನೀವೆಲ್ಲ ಸುತ್ತು ಬಂದದ್ದು ಒಂದೇ ಕಡೆಗೆ.